ಟೆಂಪ್ಲೇಟಿನೊಡನೆ ಬಂದ ಚಿತ್ರಗಳು: ಚೆನ್ನೈನ ಯುವ ತಂತ್ರಾಂಶ ರಚಕರಿಗೆ ಒಂದು ಬಹಿರಂಗ ಪತ್ರ

ಚೆನ್ನೈ ಮಹಾನಗರದಲ್ಲಿ ವೆಬ್ ತಂತ್ರಾಂಶಗಳನ್ನು ರಚಿಸುತ್ತಿರುವ ಪ್ರಿಯ ಕನ್ನಡ ತರುಣ ತರುಣಿಯರೆ,



ತರಮಣಿಯಿಂದ ಸಿರುಸೇರಿಯವರೆಗೆ ಹಬ್ಬಿರುವ ಹಳೆಯ ಮಹಾಬಲಿಪುರಂ ರಸ್ತೆಯ ಗಾಜಿನ ಸೌಧಗಳಲ್ಲಿಯೂ, ಗುಡುವಾಂಚೇರಿಯ ಕಡೆಯ ವಿಶಾಲವಾದ ಆವರಣಗಳಲ್ಲಿಯೂ, ವೇಳಚೇರಿಯ ಬಾಡಿಗೆಯ ಕೊಠಡಿಗಳಲ್ಲಿಯೂ ಕುಳಿತು, ರಾತ್ರಿಯನ್ನು ಹಗಲಾಗಿಸಿಕೊಂಡು ದುಡಿಯುತ್ತಿರುವ ನಿಮ್ಮಲ್ಲಿ ಬಹುಮಂದಿಗೆ ನನ್ನ ಪರಿಚಯವಿರಲಾರದು. ಈ ಊರು ಮದರಾಸಾಗಿದ್ದ ಕಾಲದಲ್ಲಿ ನಾನು ಇಲ್ಲಿಗೆ ಬಂದು, ಅಚ್ಚುಮೊಳೆಗಳ ನಡುವೆ ಕರಡು ತಿದ್ದುವ ಕೆಲಸಕ್ಕೆ ಸೇರಿ, ಸೀಸದ ಮೊಳೆ ಹೋಗಿ ಕಂಪ್ಯೂಟರಿನ ಅಕ್ಷರಜೋಡಣೆ ಬಂದುದನ್ನು ಕಂಡು, ಕೊನೆಯ ವರ್ಷಗಳಲ್ಲಿ ನಿಮ್ಮಂಥವರು ರಚಿಸಿದ ಪರದೆಗಳ ಕನ್ನಡ ಪಠ್ಯವನ್ನು ಪರಿಶೀಲಿಸುವ ಉದ್ಯೋಗದಿಂದ ನಿವೃತ್ತನಾದವನು. ನಿವೃತ್ತಿಯ ತರುವಾಯವೂ ಅಕ್ಷರದ ಸಹವಾಸ ಬಿಡಲಿಲ್ಲ. ನಮ್ಮ ಬಡಾವಣೆಯ ಕನ್ನಡ ಬಳಗವೊಂದಕ್ಕೆ, ಪುಸ್ತಕಭಂಡಾರ, ಸದಸ್ಯತ್ವ, ಕಾಣಿಕೆ ಮುಂತಾದ ವ್ಯವಹಾರಗಳಿಗಾಗಿ, ನಿಮ್ಮವರೇ ಆದ ಕೆಲವರು ಪ್ರೀತಿಯಿಂದ ಒಂದು ತಂತ್ರಾಂಶವನ್ನು ರಚಿಸಿಕೊಟ್ಟರು. ಅದನ್ನು ಹಿರಿಯ ಸದಸ್ಯರಿಗೆ ಕಲಿಸಿಕೊಡುವ ಹೊಣೆ ನನ್ನ ಪಾಲಿಗೆ ಬಂದಿತು. ಈ ಪತ್ರ ಆ ಅನುಭವದಿಂದ ಹುಟ್ಟಿದುದು.

ನಾನು ಅರಿಕೆಮಾಡಿಕೊಳ್ಳಬೇಕೆಂದಿರುವುದು ಒಂದೇ ಮಾತು. ಟೆಂಪ್ಲೇಟಿನೊಡನೆ ತಾವಾಗಿಯೇ ಬಂದ ಐಕಾನುಗಳನ್ನು, ಅವು ಬಂದಿವೆಯೆಂಬ ಒಂದೇ ಕಾರಣಕ್ಕಾಗಿ, ಉಳಿಸಿಕೊಳ್ಳಬೇಡಿರಿ. ಒಂದೊಂದನ್ನೂ ಬಳಸುವವರ ಕಣ್ಣಿಗೆ ಹಿಡಿದು ನೋಡಿರಿ. ಹೊಂದಿದುದನ್ನು ಇರಿಸಿರಿ, ಹೊಂದದುದನ್ನು ಬದಲಿಸಿರಿ. ಇಷ್ಟು ಸಣ್ಣ ವಿಷಯಕ್ಕೆ ಬಹಿರಂಗ ಪತ್ರವೇಕೆಂದು ನಿಮ್ಮಲ್ಲಿ ಯಾರಾದರೂ ನಗಬಹುದು. ನಗಬಹುದಾದರೂ ಪೂರ್ತಿ ಓದಿರೆಂದು ಬೇಡುತ್ತೇನೆ.

ಈ ಸಿದ್ಧಚಿತ್ರಗಳು ಎಲ್ಲಿಂದ ಬರುತ್ತವೆಂಬುದು ನನಗಿಂತಲೂ ನಿಮಗೆ ಚೆನ್ನಾಗಿ ತಿಳಿದಿದೆ. 2011ರ ಆಗಸ್ಟಿನಲ್ಲಿ ಟ್ವಿಟರ್ ಸಂಸ್ಥೆಯ ಮಾರ್ಕ್ ಆಟೊ ಮತ್ತು ಜೇಕಬ್ ಥಾರ್ನ್‌ಟನ್ ಎಂಬವರು ಬೂಟ್‌ಸ್ಟ್ರಾಪನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಅದರ ಎರಡನೆಯ ಮತ್ತು ಮೂರನೆಯ ಆವೃತ್ತಿಗಳ ಜೊತೆಯಲ್ಲಿ ಗ್ಲಿಫಿಕಾನ್ಸ್ ಎಂಬ ಚಿತ್ರಗಳ ಕಟ್ಟು ಬರುತ್ತಿತ್ತು. 2018ರ ಆರಂಭದಲ್ಲಿ ಪೂರ್ಣರೂಪದಲ್ಲಿ ಹೊರಬಂದ ನಾಲ್ಕನೆಯ ಆವೃತ್ತಿಯು ಆ ಕಟ್ಟನ್ನು ಕೈಬಿಟ್ಟಿತು; ಅದನ್ನೇ ನಂಬಿ ಪುಟಪುಟಗಳಲ್ಲಿಯೂ ಅದರ ಹೆಸರುಗಳನ್ನು ಬರೆದಿಟ್ಟಿದ್ದವರು ಫಾಂಟ್ ಆಸಮ್ ಮೊದಲಾದವುಗಳ ಕಡೆಗೆ ಓಡಬೇಕಾಯಿತು. ಆ ಫಾಂಟ್ ಆಸಮ್ ಕೂಡ ಐದನೆಯ ಆವೃತ್ತಿಗೆ ಬರುವ ಹೊತ್ತಿಗೆ ತನ್ನ ಹೆಸರುಗಳ ಪೂರ್ವಪದವನ್ನೇ ಬದಲಿಸಿತು. ಈಚೆಗೆ, ಎಲಿಕ್ಸಿರ್ ಭಾಷೆಯ ಫೀನಿಕ್ಸ್ ಚೌಕಟ್ಟಿನ 1.7ನೆಯ ಆವೃತ್ತಿ 2023ರಲ್ಲಿ ಬಂದಾಗ, ಹೊಸದಾಗಿ ಒಂದು ಯೋಜನೆಯನ್ನು ಆರಂಭಿಸಿದೊಡನೆಯೇ ಹೀರೋಐಕಾನ್ಸ್ ಎಂಬ ಚಿತ್ರಮಾಲೆ ಕೇಳದೆಯೇ ಒಳಗೆ ಬಂದು ಕುಳಿತಿರುವಂತಾಯಿತು. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಹಲವು ಬಹಳ ಸುಂದರವಾದುವು. ನಿರ್ಮಿಸಿದವರು ಧಾರಾಳವಾಗಿ ಹಂಚಿದುವು. ಆದರೆ ಅವು ಬರುವುದು ಆರಂಭದ ದಿನದ ಅನುಕೂಲಕ್ಕಾಗಿ. ಆರಂಭದ ದಿನ ಮುಗಿದ ಮೇಲೆಯೂ ಅವು ಹಾಗೆಯೇ ಉಳಿದರೆ, ನಿಮ್ಮ ತಂತ್ರಾಂಶದ ಮುಖವನ್ನು ನೀವು ಆರಿಸಲಿಲ್ಲ, ಅದು ತಾನಾಗಿ ಆಯಿತು ಎಂದಾಗುತ್ತದೆ.

ಇದರಿಂದ ಏನು ಕೆಡುತ್ತದೆಂದು ಕೇಳುವಿರಾದರೆ, ರೂಪಾಯಿಯ ಚಿಹ್ನೆಯ ಕಥೆಯನ್ನೇ ನೋಡಿರಿ. 2010ರ ಜುಲೈ 15ರಂದು ಕೇಂದ್ರ ಸಚಿವಸಂಪುಟವು ಅಂಗೀಕರಿಸಿದ ಆ ಚಿಹ್ನೆಯನ್ನು ರೂಪಿಸಿದವರು ಡಿ. ಉದಯ ಕುಮಾರ್, ಇದೇ ತಮಿಳುನಾಡಿನಲ್ಲಿ ಹುಟ್ಟಿದವರು. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡಿನ 6.0ನೆಯ ಆವೃತ್ತಿಯಲ್ಲಿ ಅದಕ್ಕೆ ಸ್ಥಾನವೂ ದೊರೆಯಿತು. ಒಂದು ದೇಶದ ನಾಣ್ಯದ ಗುರುತು ಜಗತ್ತಿನ ಅಕ್ಷರಪಟ್ಟಿಯನ್ನು ಇಷ್ಟು ಶೀಘ್ರವಾಗಿ ಸೇರಿದುದು ನಮಗೆಲ್ಲ ಸಂತೋಷದ ಸಂಗತಿಯಾಗಿತ್ತು. ಅದಾಗಿ ಮೂರು ವರ್ಷಗಳ ಮೇಲೆ, 2013ರ ಆಗಸ್ಟಿನಲ್ಲಿ, ಬೂಟ್‌ಸ್ಟ್ರಾಪಿನ ಮೂರನೆಯ ಆವೃತ್ತಿ ಬಂದಿತು. ಅದರ ಚಿತ್ರಗಳ ಕಟ್ಟಿನಲ್ಲಿ ಡಾಲರಿತ್ತು, ಯೂರೋ ಇತ್ತು, ಪೌಂಡಿತ್ತು; ಮುಂದಿನ ಪರಿಷ್ಕರಣಗಳಲ್ಲಿ ಯೆನ್ ಬಂದಿತು, ರಷ್ಯದ ರೂಬಲ್ ಬಂದಿತು, ಯಾವ ದೇಶಕ್ಕೂ ಸೇರದ ಬಿಟ್‌ಕಾಯಿನ್ ಸಹ ಬಂದಿತು; ರೂಪಾಯಿ ಮಾತ್ರ ಬರಲಿಲ್ಲ. ಆ ಚಿತ್ರಗಳನ್ನು ಬರೆದ ಜೆಕ್ ದೇಶದ ಕಲಾವಿದನನ್ನು ನಾನು ದೂರುವುದಿಲ್ಲ. ಆತ ತನ್ನ ಕಣ್ಣೆದುರಿನ ಲೋಕವನ್ನು ಬರೆದ. ಆದರೆ ಚೆನ್ನೈನಲ್ಲಿ ಕುಳಿತು, ಮೈಲಾಪುರದ ಗ್ರಾಹಕನಿಂದ ರೂಪಾಯಿಯನ್ನೇ ವಸೂಲುಮಾಡುವ ಪುಟದ ಮೇಲೆ, ಕಟ್ಟಿನಲ್ಲಿ ಸಿಕ್ಕಿತೆಂಬ ಕಾರಣದಿಂದ ಡಾಲರಿನ ಚಿತ್ರವನ್ನು ಅಂಟಿಸಿದವರು ನಮ್ಮವರೇ ಅಲ್ಲವೆ? ಅಂಥ ಪುಟಗಳನ್ನು ಪರಿಶೀಲಿಸುವ ಉದ್ಯೋಗದಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ; ಪಠ್ಯದ ಭಾಷೆಯನ್ನು ತಿದ್ದುವುದಷ್ಟೇ ನಿನ್ನ ಕೆಲಸ, ಚಿತ್ರ ನಿನ್ನದಲ್ಲ ಎಂಬ ಉತ್ತರವನ್ನೂ ಕೇಳಿದ್ದೇನೆ. ಫಾಂಟ್ ಆಸಮ್‌ನ ನಾಲ್ಕನೆಯ ಆವೃತ್ತಿಯಲ್ಲಿ ರೂಪಾಯಿಯ ಚಿತ್ರವಿದ್ದಿತು. ಆದುದರಿಂದ ಅಲ್ಲಿದ್ದುದು ಸಾಧನದ ಅಭಾವವಲ್ಲ, ಹುಡುಕಬೇಕೆಂಬ ಇಚ್ಛೆಯ ಅಭಾವ.

ಇನ್ನು ನಮ್ಮ ಬಳಗದ ತಂತ್ರಾಂಶದ ವೃತ್ತಾಂತ. ಅದರ ಪರದೆ ನೋಡಲು ಶುಭ್ರವಾಗಿಯೇ ಇದ್ದಿತು. ಎಡಬದಿಯಲ್ಲಿ ತೆಳುಗೆರೆಗಳ ಚಿತ್ರಗಳು, ಪಕ್ಕದಲ್ಲಿ ಮಾತಿಲ್ಲ. ಮಾತನ್ನು ಬಿಟ್ಟುದೇಕೆಂದು ವಿಚಾರಿಸಲು, ಮೊಬೈಲಿನಲ್ಲಿ ಜಾಗ ಸಾಲದು, ಚಿತ್ರವಾದರೆ ಭಾಷೆಯ ತೊಡಕಿಲ್ಲ ಎಂದು ಹೇಳಿದರು. ಮೊದಲನೆಯ ವಾರವೇ, ಎಂಬತ್ತನ್ನು ಸಮೀಪಿಸಿದ್ದ ಒಬ್ಬ ತಾಯಿ, ರಾಜ್ಯೋತ್ಸವದ ಅನ್ನಸಂತರ್ಪಣೆಗೆ ಕಾಣಿಕೆ ಕೊಡಬೇಕೆಂದು ಕುಳಿತರು. ಪರದೆಯ ಮೇಲೆ, ಮುಚ್ಚಳವಿರುವ, ಮೈಮೇಲೆ ಉದ್ದಗೆರೆಗಳಿರುವ ಒಂದು ಡಬ್ಬಿಯ ಚಿತ್ರವಿದ್ದಿತು. ದೇವಸ್ಥಾನದಲ್ಲಿ ಜೀವಮಾನವೆಲ್ಲ ಹುಂಡಿಯನ್ನು ಕಂಡ ಆ ಕಣ್ಣಿಗೆ ಅದು ಹುಂಡಿಯಾಗಿಯೇ ಕಂಡಿತು. ಒತ್ತಿದರು. ಅಳಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ, ಕೊಡಲೇ ಎಂದು ಕೇಳುತ್ತಿರಬೇಕೆಂದು ತಿಳಿದು ಒಪ್ಪಿಗೆ ಕೊಟ್ಟರು. ಅವರ ಕುಟುಂಬದ ಸದಸ್ಯತ್ವದ ದಾಖಲೆಯೇ ಮಾಯವಾಯಿತು. ಆಮೇಲೆ ಅದನ್ನು ಮರಳಿ ತರುವುದಕ್ಕೆ ನಿಮ್ಮವರೇ ಬಂದು ಸಹಾಯ ಮಾಡಿದರೆಂಬುದು ಬೇರೆ ಮಾತು. ಹೃದಯದ ಚಿತ್ರವಿದ್ದೆಡೆಯಲ್ಲಿ, ಮೆಚ್ಚಿದ ಪುಸ್ತಕಗಳ ಪಟ್ಟಿ ಇದೆಯೆಂದು ಯಾರಿಗೂ ತೋಚಲಿಲ್ಲ. ಆರೋಗ್ಯ ತಪಾಸಣೆಯ ಶಿಬಿರಕ್ಕೆ ಹೆಸರು ನೋಂದಾಯಿಸುವ ಸ್ಥಳವೆಂದು ನಿವೃತ್ತ ಅಧ್ಯಾಪಕರೊಬ್ಬರು ನಾಲ್ಕಾರು ಮಂದಿಗೆ ವಿವರಿಸಿಯೂ ಬಿಟ್ಟರು. ಪತ್ರವ್ಯವಹಾರದ ಸ್ಥಳದಲ್ಲಿ, ಕಂಬದ ಮೇಲೆ ನಿಂತು ಪುಟ್ಟ ಬಾವುಟ ಎತ್ತಿರುವ ಅಮೆರಿಕದ ಹಳ್ಳಿಯ ಅಂಚೆಪೆಟ್ಟಿಗೆಯ ಚಿತ್ರವಿದ್ದಿತು. ನಮ್ಮೂರಿನ ಕೆಂಪು ಅಂಚೆಡಬ್ಬಿಯನ್ನು ಬಲ್ಲವರಾರೂ ಅದನ್ನು ಗುರುತಿಸಲಿಲ್ಲ. ಇನ್ನು ಉಳಿಸುವುದಕ್ಕೆ ಫ್ಲಾಪಿ ತಟ್ಟೆ! ಸೋನಿ ಸಂಸ್ಥೆಯು ತನ್ನ ದೇಶದಲ್ಲಿ ಅದರ ಮಾರಾಟವನ್ನು 2011ರಲ್ಲಿಯೇ ನಿಲ್ಲಿಸಿತು. ಹಿರಿಯರು ಅದನ್ನು ಕಂಡಿರಲಿಲ್ಲ, ಅವರಿಗೆ ಹೇಳಿಕೊಡಲು ಬಂದ ಮೊಮ್ಮಕ್ಕಳೂ ಕಂಡಿರಲಿಲ್ಲ.

ಈ ಹಿರಿಯರು ಅಜ್ಞರೆಂದು ತಿಳಿಯಬೇಡಿರಿ. ಇವರಲ್ಲಿ ಬ್ಯಾಂಕುಗಳನ್ನು ನಡೆಸಿದವರಿದ್ದಾರೆ, ರೈಲ್ವೆಯ ಲೆಕ್ಕ ಬರೆದವರಿದ್ದಾರೆ. ವಾಟ್ಸಾಪಿನ ಎರಡು ನೀಲಿ ಗೀಟುಗಳ ಅರ್ಥವನ್ನು ಇವರು ನಿಮಗಿಂತಲೂ ಸೂಕ್ಷ್ಮವಾಗಿ ಬಲ್ಲರು. ಆ ಗೀಟು ಬಿದ್ದ ಮೇಲೆಯೂ ಉತ್ತರ ಬರೆಯದ ಅಳಿಯನನ್ನು ಕುರಿತು ದೀರ್ಘವಾಗಿ ಮಾತನಾಡಬಲ್ಲರು. ಚಿತ್ರದ ಅರ್ಥ ಕಲಿಕೆಯಿಂದ ಬರುವಂಥದು. ಆ ಕಲಿಕೆ ಎಲ್ಲಿ ನಡೆದಿದೆ, ಎಲ್ಲಿ ನಡೆದಿಲ್ಲ ಎಂಬುದನ್ನು ವಿಚಾರಿಸುವುದು ರಚಕನ ಕರ್ತವ್ಯ.

ನೀವು ಬಳಸುತ್ತಿರುವ ಚಿತ್ರಗಳಿಗೆ ಒಂದು ವಂಶಾವಳಿಯಿದೆ. 1981ರಲ್ಲಿ ಜೆರಾಕ್ಸ್ ಸಂಸ್ಥೆಯು ಸ್ಟಾರ್ ಎಂಬ ಗಣಕವನ್ನು ಮಾರುಕಟ್ಟೆಗೆ ತಂದಾಗ, ಅದರ ಪರದೆಯ ಮೇಲೆ ಕಾಗದ, ಕಡತ, ಬರುವ ಟಪಾಲಿನ ತಟ್ಟೆ, ಹೋಗುವ ಟಪಾಲಿನ ತಟ್ಟೆ ಮುಂತಾದುವು ಇದ್ದುವು; ಏಕೆಂದರೆ ಅದನ್ನು ಕೊಳ್ಳಬೇಕಾದವರು ಅಮೆರಿಕದ ಕಚೇರಿಗಳಲ್ಲಿ ಮೇಜಿನ ಹಿಂದೆ ಕುಳಿತವರು. 1984ರ ಮ್ಯಾಕಿಂಟಾಷ್ ಗಣಕಕ್ಕೆ ಚಿತ್ರಗಳನ್ನು ಬರೆದ ಸೂಸನ್ ಕೇರ್ ಎಂಬ ಕಲಾವಿದೆಯ ವಿಷಯ ಇನ್ನೂ ರಸವತ್ತಾದುದು. ಆ ಗಣಕದ ಆಜ್ಞೆಯ ಕೀಲಿಗೆ ಮೊದಲು ಸಂಸ್ಥೆಯ ಸೇಬಿನ ಗುರುತನ್ನೇ ಬಳಸಿದ್ದರು. ಪರದೆಯ ಮೇಲೆ ಎಲ್ಲೆಲ್ಲೂ ಸೇಬು ಕಾಣುವುದು ಅತಿಯಾಯಿತೆಂದು ಸ್ಟೀವ್ ಜಾಬ್ಸ್ ಆಕ್ಷೇಪಿಸಲು, ಕೇರ್ ಅವರು ಗುರುತುಗಳ ಪುಸ್ತಕವೊಂದನ್ನು ತಿರುವಿಹಾಕಿ, ಸ್ವೀಡನ್ನಿನಲ್ಲಿ ನೋಡತಕ್ಕ ಸ್ಥಳಗಳನ್ನು ಸೂಚಿಸುವ, ನಾಲ್ಕು ಮೂಲೆಗಳಲ್ಲಿ ಕುಣಿಕೆಗಳಿರುವ ಒಂದು ಚಿಹ್ನೆಯನ್ನು ತಂದು ಅಲ್ಲಿ ಇರಿಸಿದರು. ಮೊದಲು ಇದ್ದುದನ್ನು ತೆಗೆದು, ಹುಡುಕಿ, ಆರಿಸಿ, ಬೇರೊಂದನ್ನು ಇಟ್ಟವರೇ ಈ ಕಲೆಯ ಮೂಲಪುರುಷರೆನಿಸಿರುವಾಗ, ಅವರ ಸಂತತಿಯ ಚಿತ್ರಗಳನ್ನು ಮುಟ್ಟಲೇಬಾರದೆಂಬ ಭಾವನೆ ನಿಮಗೆ ಎಲ್ಲಿಂದ ಬಂದಿತು?

ನಮ್ಮ ದೇಶಕ್ಕೆ ಈ ವಿದ್ಯೆ ಹೊಸದೂ ಅಲ್ಲ. 1951ರ ಜನಗಣತಿಯಂತೆ ಭಾರತದಲ್ಲಿ ನೂರಕ್ಕೆ ಹದಿನೆಂಟು ಮಂದಿಗೆ ಮಾತ್ರ ಓದು ಬರುತ್ತಿದ್ದಿತು; ಆ ಜನರನ್ನು ಕೂಡಿಕೊಂಡು, 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ಮೊದಲನೆಯ ಮಹಾಚುನಾವಣೆ ನಡೆಯಿತು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರ ಕಾಲದ ಆ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪ್ರತ್ಯೇಕ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಒಂದೇ ಮತಪತ್ರದ ಮೇಲೆ ಎಲ್ಲ ಹೆಸರುಗಳನ್ನೂ ಚಿಹ್ನೆಗಳನ್ನೂ ಅಚ್ಚುಮಾಡಿ ಮುದ್ರೆ ಒತ್ತಿಸುವ ಪದ್ಧತಿ ಮಹಾಚುನಾವಣೆಯಲ್ಲಿ ಬಂದುದು 1962ರಲ್ಲಿ. ಈ ಚಿಹ್ನೆಗಳಲ್ಲಿ ಅನೇಕವನ್ನು ಪೆನ್ಸಿಲಿನಿಂದ ಬರೆದವರು ಚುನಾವಣಾ ಆಯೋಗದ ನಕ್ಷೆಗಾರರಾಗಿದ್ದು 1992ರಲ್ಲಿ ನಿವೃತ್ತರಾದ ಎಂ. ಎಸ್. ಸೇಠಿಯವರು. ಅವರ ಹೆಸರನ್ನು ನಿಮ್ಮ ಕಾಲೇಜುಗಳಲ್ಲಿ ಯಾರೂ ಹೇಳಿರಲಾರರು, ಹೇಳಬೇಕಾಗಿದ್ದಿತು. ಆಯೋಗದ ಪಟ್ಟಿಯಲ್ಲಿರುವ ಬಾಚಣಿಗೆ, ಹೊಲಿಗೆಯಂತ್ರ, ಕೈಪಂಪು, ಸೂರಿನ ಫ್ಯಾನು ಮುಂತಾದವುಗಳನ್ನು ನೋಡಿರಿ. ಒಂದೊಂದೂ ಬಡವನ ಮನೆಯಲ್ಲಿಯೋ ಬೀದಿಯಲ್ಲಿಯೋ ಇರುವ ವಸ್ತು; ಒಂದನ್ನು ಮತ್ತೊಂದೆಂದು ಭ್ರಮಿಸುವ ಸಂಭವ ಕಡಿಮೆ; ಕಪ್ಪುಬಿಳುಪಿನಲ್ಲಿ, ಅಗ್ಗದ ಕಾಗದದ ಮೇಲೆ, ಬೆರಳಗಲಕ್ಕೆ ಕುಗ್ಗಿಸಿದರೂ ಗುರುತು ಸಿಕ್ಕುವಂಥದು. ಈ ರಾಜ್ಯದಲ್ಲಿ 1973ರ ದಿಂಡಿಗಲ್ ಉಪಚುನಾವಣೆಯ ತರುವಾಯ ಎರಡು ಎಲೆಗಳ ಚಿತ್ರವನ್ನೂ, ಅದಕ್ಕೂ ಮುಂಚಿನಿಂದ ಬೆಟ್ಟಗಳ ನಡುವಣ ಉದಯಸೂರ್ಯನನ್ನೂ ಗೋಡೆಗೋಡೆಗಳ ಮೇಲೆ ಜನ ತಾವೇ ಬರೆದರು; ಚಿತ್ರಕಲೆಯನ್ನರಿಯದ ಕೈಯಿಂದಲೂ ಬರೆಯಲು ಬರುವಷ್ಟು ಅವು ಸರಳ. ಇನ್ನೊಂದು ಅಂಶವನ್ನೂ ಗಮನಿಸಿರಿ: ಮತಪತ್ರದಲ್ಲಿ ಚಿಹ್ನೆ ಎಂದಿಗೂ ಒಂಟಿಯಾಗಿಲ್ಲ, ಪಕ್ಕದಲ್ಲಿ ಜನರ ಭಾಷೆಯಲ್ಲಿ ಹೆಸರಿದೆ. ನಿರಕ್ಷರರಿಗಾಗಿ ಚಿತ್ರವನ್ನು ತಂದವರೇ ಮಾತನ್ನು ಬಿಡಲಿಲ್ಲ. ಸಾಕ್ಷರರಿಗೆ ಪರದೆ ರಚಿಸುವ ನಾವು ಅದನ್ನು ಬಿಟ್ಟಿದ್ದೇವೆ.

ಅಚ್ಚುಕೂಟದ ನೆನಪೊಂದನ್ನು ಇಲ್ಲಿ ಹೇಳಬೇಕು. ಪ್ಯಾರೀಸ್ ಮೂಲೆಯ ಹಿಂದಿನ ಆಂಡರ್ಸನ್ ಬೀದಿಯನ್ನು ನೀವು ಬಲ್ಲಿರಿ; ಇಂದಿಗೂ ಮದುವೆಯ ಕರೆಯೋಲೆಗಳಿಗೆ ಜನ ಅಲ್ಲಿಗೇ ಹೋಗುತ್ತಾರೆ. ಮೊಳೆಯ ಕಾಲದಲ್ಲಿ ಆ ಸುತ್ತಿನ ಸಣ್ಣ ಅಚ್ಚುಕೂಟಗಳಲ್ಲೆಲ್ಲ ಸಿದ್ಧ ಬ್ಲಾಕುಗಳ ಒಂದು ಪೆಟ್ಟಿಗೆಯಿರುತ್ತಿದ್ದಿತು: ಪೂರ್ಣಕುಂಭ, ಬಾಳೆಕಂಬ, ಓಲಗದವರ ಜೋಡಿ, ಗಣಪತಿ. ಕೆಲಸ ಬೇಗ ಸಾಗಲೆಂದು ಚೌಕಟ್ಟಿನ ತಲೆಯಲ್ಲಿ ಪೂರ್ಣಕುಂಭವನ್ನು ಕಟ್ಟಿಯೇ ಇಟ್ಟಿರುತ್ತಿದ್ದರು. ಕೆಳಗೆ ಹೆಸರು, ಮುಹೂರ್ತಗಳನ್ನು ಬದಲಿಸಿದರೆ ಸಾಕು. ಒಂದು ಅಚ್ಚುಕೂಟದಲ್ಲಿ ಹೀಗೆಯೇ ವೈಕುಂಠ ಸಮಾರಾಧನೆಯ ಪತ್ರಿಕೆಯೊಂದು ಪೂರ್ಣಕುಂಭವನ್ನೂ ತೋರಣವನ್ನೂ ಹೊತ್ತು ಹೊರಬಿದ್ದಿತು. ತಂದೆಯನ್ನು ಕಳೆದುಕೊಂಡ ಆ ಮಗ ಜಗಳವಾಡಲಿಲ್ಲ. ಕಟ್ಟನ್ನು ಮೇಜಿನ ಮೇಲೆ ಇಟ್ಟು ಹೊರಟುಹೋದ. ಅಂದಿನಿಂದ ಅಲ್ಲಿನ ಮೇಸ್ತ್ರಿಯವರು ಒಂದು ನಿಯಮ ಮಾಡಿದರು: ಯಾವ ಕೆಲಸವೇ ಬರಲಿ, ಮೊದಲು ಸಿದ್ಧ ಬ್ಲಾಕನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಬೇಕು, ಏನು ಬೇಕೆಂದು ತಿಳಿಯುವವರೆಗೆ ಆ ಸ್ಥಳ ಬರಿದಾಗಿಯೇ ಇರಬೇಕು. ಟೆಂಪ್ಲೇಟನ್ನು ತೆರೆದ ದಿನ ನೀವೂ ಅಷ್ಟನ್ನೇ ಮಾಡಿರೆಂಬುದು ನನ್ನ ಮೊದಲನೆಯ ಬಿನ್ನಹ. ಎಲ್ಲ ಚಿತ್ರಗಳನ್ನೂ ತೆಗೆದು, ಬರಿಯ ಮಾತುಗಳಿಂದ ಪರದೆಯನ್ನು ನಿಲ್ಲಿಸಿ ನೋಡಿರಿ. ಮಾತಿನಿಂದಲೇ ಕೆಲಸ ಸಾಗುವ ಎಡೆಗಳು ನೀವು ಊಹಿಸಿದುದಕ್ಕಿಂತ ಹೆಚ್ಚಾಗಿರುತ್ತವೆ. ಅಲ್ಲಿ ಚಿತ್ರವೇ ಬೇಡ.

ಚಿತ್ರ ಬೇಕಾದೆಡೆಯಲ್ಲಿ ಅದಕ್ಕೆ ರೂಪದ ಹೆಸರನ್ನಿಡದೆ ಕಾರ್ಯದ ಹೆಸರನ್ನಿಡಿರಿ. ನಿಮ್ಮ ಪುಟಗಳಲ್ಲಿ ನೂರಾರು ಕಡೆ "ಹೀರೋ" ಎಂಬ ಪೂರ್ವಪದದಿಂದ ತೊಡಗುವ ಹೆಸರುಗಳನ್ನು ಚೆಲ್ಲಿಬಿಟ್ಟರೆ, ನಾಳೆ ಆ ಮಾಲೆಯನ್ನು ಬಿಡಬೇಕಾದಾಗ ನೂರಾರು ಕಡೆಯೂ ಕೈಯಾಡಿಸಬೇಕು. ಗ್ಲಿಫಿಕಾನ್ಸ್ ನಂಬಿದವರಿಗೆ ಒದಗಿದ ಗತಿಯೇ ಅದು. ಫೀನಿಕ್ಸಿನಲ್ಲಿ ಐಕಾನ್ ಎಂಬ ಒಂದೇ ಘಟಕದ ಮೂಲಕ ಎಲ್ಲ ಚಿತ್ರಗಳೂ ಹಾದುಹೋಗುವ ಏರ್ಪಾಡಿದೆ. ಬೇರೆ ಚೌಕಟ್ಟುಗಳಲ್ಲಿ ಅಂಥದನ್ನು ನೀವೇ ಅರ್ಧ ದಿನದಲ್ಲಿ ಕಟ್ಟಿಕೊಳ್ಳಬಹುದು. ಆ ಘಟಕಕ್ಕೆ "ಕಾಣಿಕೆ", "ಅಳಿಸು", "ಮೆಚ್ಚಿನ ಪುಸ್ತಕ" ಎಂಬ ಹೆಸರುಗಳನ್ನು ಕಲಿಸಿ, ಯಾವ ಕಾರ್ಯಕ್ಕೆ ಯಾವ ಚಿತ್ರ ಎಂಬ ಪಟ್ಟಿಯನ್ನು ಒಂದೇ ಕಡತದಲ್ಲಿ ಇಡಿರಿ. ಆಮೇಲೆ ಹುಂಡಿಯ ಗೊಂದಲವನ್ನು ನಿವಾರಿಸಲು ಒಂದು ಸಾಲನ್ನು ತಿದ್ದಿದರೆ ಸಾಕಾಗುತ್ತದೆ. ಆ ಪಟ್ಟಿಯನ್ನು ಕಂಪ್ಯೂಟರನ್ನರಿಯದ ಕಾರ್ಯದರ್ಶಿಯೂ ಓದಿ ಅಭಿಪ್ರಾಯ ಹೇಳಬಹುದೆಂಬುದು ಇನ್ನೊಂದು ಲಾಭ.

ಚಿತ್ರಗಳನ್ನು ಅಕ್ಷರಗಳ ವೇಷದಲ್ಲಿ ತರುವ ಐಕಾನ್ ಫಾಂಟುಗಳನ್ನು ದಯವಿಟ್ಟು ಕೈಬಿಡಿರಿ. ಯೂನಿಕೋಡಿನಲ್ಲಿ ಖಾಸಗಿ ಬಳಕೆಗೆಂದು ಬಿಟ್ಟಿರುವ ಸ್ಥಾನಗಳಲ್ಲಿ ಅವು ಅಡಗಿರುತ್ತವೆ. ಫಾಂಟು ಬಾರದೆ ಹೋದಾಗ, ಅಥವಾ ಓದಿನ ತೊಂದರೆಯಿರುವವರು ತಮಗೆ ಬೇಕಾದ ಫಾಂಟನ್ನೇ ಹಾಕಿಕೊಂಡಾಗ, ಚಿತ್ರದ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ. ಗೂಗಲ್‌ನ ಮೆಟೀರಿಯಲ್ ಐಕಾನುಗಳಲ್ಲಿಯಾದರೋ ಪದವೇ ಚಿತ್ರವಾಗಿ ಮಾರ್ಪಡುವ ಯುಕ್ತಿಯಿರುವುದರಿಂದ, ಸಂಪರ್ಕ ಕುಂಟಿದ ದಿನ ಕನ್ನಡದ ಪುಟದ ನಡುವೆ ಇಂಗ್ಲಿಷಿನ ಪದಗಳು ಮುಳ್ಳಿನಂತೆ ಎದ್ದು ನಿಲ್ಲುತ್ತವೆ. ಎಸ್‌ವಿಜಿ ರೂಪದ ಚಿತ್ರಗಳಲ್ಲಿ ಈ ಕಷ್ಟವಿಲ್ಲ. ಪರದೆಯನ್ನು ಗಟ್ಟಿಯಾಗಿ ಓದಿಹೇಳುವ ಸಾಧನಗಳನ್ನು ಬಳಸುವ ಅಂಧರಿಗಾಗಿ, ಪಕ್ಕದಲ್ಲಿ ಮಾತಿರುವ ಚಿತ್ರವನ್ನು ಆ ಸಾಧನದ ಕಣ್ಣಿಗೆ ಮರೆಮಾಡಿರಿ. ಒಂಟಿಯಾಗಿ ನಿಲ್ಲಲೇಬೇಕಾದ ಚಿತ್ರಕ್ಕೆ ಕನ್ನಡದಲ್ಲಿ, ಅಥವಾ ಬಳಸುವವರ ಭಾಷೆ ಯಾವುದೋ ಅದರಲ್ಲಿ, ಹೆಸರು ಕೊಡಿರಿ. 2023ರ ಅಕ್ಟೋಬರಿನಲ್ಲಿ ಹೊರಬಂದ ಜಾಲಸೌಲಭ್ಯ ಮಾರ್ಗಸೂಚಿಯ (WCAG) 2.2ನೆಯ ಆವೃತ್ತಿಯು ಒತ್ತುವ ಜಾಗ ಸಾಮಾನ್ಯವಾಗಿ ಕನಿಷ್ಠ 24 ಪಿಕ್ಸೆಲ್ ಅಗಲ ಎತ್ತರಗಳಿರಬೇಕೆನ್ನುತ್ತದೆ. ನಡುಗುವ ಬೆರಳಿಗೆ ಅದೂ ಕಡಿಮೆಯೆಂದು ನಾನು ಸ್ವಂತ ಬೆರಳಿನ ಆಧಾರದ ಮೇಲೆ ಹೇಳಬಲ್ಲೆ. ಈ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾನೂನಿದೆ; ನಿಮ್ಮ ಕಚೇರಿಗಳಿರುವ ರಸ್ತೆಗೆ ಸಮಾಂತರವಾಗಿ ಸಾಗುವ ಕರಾವಳಿಯ ರಸ್ತೆಯಲ್ಲಿ, ಮುಟ್ಟುಕಾಡಿನಲ್ಲಿ, ಬಹುವಿಧ ಅಂಗವೈಕಲ್ಯವುಳ್ಳವರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆಯಿದೆ. ಅಷ್ಟು ಸಮೀಪದಲ್ಲಿರುವ ಜನರನ್ನು ಮರೆತು, ಸಾಗರದಾಚೆಯ ಕಲ್ಪಿತ ಬಳಕೆದಾರನಿಗಾಗಿ ಪರದೆ ರಚಿಸುವುದು ಯುಕ್ತವೆ?

ಕರಡು ತಿದ್ದಿದವನ ಕಣ್ಣು ಅಕ್ಷರದ ಮೇಲೆಯೇ ನಿಲ್ಲುತ್ತದೆ. ಆದುದರಿಂದ ಚಿತ್ರಕ್ಕೂ ಅಕ್ಷರಕ್ಕೂ ಇರಬೇಕಾದ ಹೊಂದಿಕೆಯ ಮಾತನ್ನು ಸ್ವಲ್ಪ ವಿಸ್ತರಿಸಲು ಅಪ್ಪಣೆ ಕೊಡಿರಿ. ಟೆಂಪ್ಲೇಟಿನೊಡನೆ ಬಂದ ಚಿತ್ರಮಾಲೆಗಳೆಲ್ಲ ರೋಮನ್ ಅಕ್ಷರದ ಎತ್ತರವನ್ನೂ ಪಾದರೇಖೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದುವು. ಕನ್ನಡದ ಸಾಲು ಬೇರೆ ಬಗೆಯದು: ಮೇಲೆ ತಲೆಕಟ್ಟು, ಗುಡಿಸು; ಕೆಳಗೆ ಒತ್ತಕ್ಷರ, ಕೆಲವೊಮ್ಮೆ "ಲಕ್ಷ್ಮೀ" ಎಂಬಲ್ಲಿಯಂತೆ ಒತ್ತಿಗೂ ಒತ್ತು. ಇಂಥ ಸಾಲಿನ ಪಕ್ಕದಲ್ಲಿ ಸಿದ್ಧಚಿತ್ರವನ್ನು ಹಾಗೆಯೇ ಇಟ್ಟರೆ, ಅದು ಅಕ್ಷರಕ್ಕಿಂತ ಮೇಲಕ್ಕೆ ತೇಲಿದಂತೆ ಕಾಣುತ್ತದೆ; ಟೆಂಪ್ಲೇಟಿನ ಇಕ್ಕಟ್ಟಾದ ಸಾಲಿನೆತ್ತರದಲ್ಲಿ ಒತ್ತಕ್ಷರದ ಪಾದವೇ ಕತ್ತರಿಸಿಹೋಗುವುದೂ ಉಂಟು. ಗೆರೆಯ ದಪ್ಪವೂ ಹಾಗೆಯೇ. 24ರ ಚೌಕದಲ್ಲಿ ಹೀರೋಐಕಾನ್ಸ್‌ನ ಈಗಿನ ಹೊರಗೆರೆ 1.5ರಷ್ಟು ದಪ್ಪ, ಫೆದರ್ ಮಾಲೆಯಿಂದ ಕವಲೊಡೆದ ಲೂಸಿಡ್‌ನಲ್ಲಿ ಅದು 2. ದುಂಡಗೆ ತುಂಬಿಕೊಂಡು ನಿಲ್ಲುವ ಕನ್ನಡದ ಅಕ್ಷರಗಳ ಪಕ್ಕದಲ್ಲಿ ಎರಡನೆಯದು ಮೇಲೆಂದು ನನ್ನ ಅಭಿಪ್ರಾಯ. ನೀವು ಒಪ್ಪದಿದ್ದರೆ ಬೇಸರವಿಲ್ಲ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ ಒಪ್ಪದಿರಿ. ಎರಡು ಮಾಲೆಗಳನ್ನು ಒಂದೇ ಪರದೆಯಲ್ಲಿ ಬೆರೆಸುವುದು ಮಾತ್ರ ಬೇಡ. ಕನ್ನಡದ ಅಕ್ಷರದ ಬಗೆಗಿನ ಇಂಥ ಎಚ್ಚರ ಈ ಊರಿಗೆ ಹೊಸದಲ್ಲ. ಮೆಕೆರೆಲ್ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಅಚ್ಚಾದುದು ಈ ನಗರದಲ್ಲಿ. ಕಿಟ್ಟೆಲರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಸಂಪುಟಗಳಾಗಿ ಹೊರತಂದುದು ಇಲ್ಲಿಯ ವಿಶ್ವವಿದ್ಯಾಲಯದ ಮೂಲಕ. ಇಲ್ಲಿ ಕನ್ನಡದ ಸಾಲನ್ನು ಸರಿಯಾಗಿ ನಿಲ್ಲಿಸಲು ಶ್ರಮಪಟ್ಟವರು ನಿಮಗಿಂತ ಮುಂಚೆಯೂ ಇದ್ದರು.

ಲೈಸೆನ್ಸಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹೀರೋಐಕಾನ್ಸ್ ಎಂಐಟಿ ಪರವಾನಿಗೆಯಲ್ಲಿಯೂ, ಲೂಸಿಡ್ ಐಎಸ್‌ಸಿ ಪರವಾನಿಗೆಯಲ್ಲಿಯೂ, ಫಾಂಟ್ ಆಸಮ್‌ನ ಉಚಿತ ಚಿತ್ರಗಳು ಕರ್ತೃವಿನ ಹೆಸರನ್ನು ಸ್ಮರಿಸಬೇಕೆಂಬ ಕ್ರಿಯೇಟಿವ್ ಕಾಮನ್ಸ್ ಪರವಾನಿಗೆಯಲ್ಲಿಯೂ ದೊರೆಯುತ್ತವೆ. ಪರರ ಶ್ರಮವನ್ನು ಪುಕ್ಕಟೆಯಾಗಿ ಪಡೆದವರು ಆ ಪರವಾನಿಗೆಯ ಸಾಲುಗಳನ್ನು ಓದುವ ಸೌಜನ್ಯವನ್ನಾದರೂ ತೋರಬೇಕು.

ನನ್ನ ಮಾತನ್ನು ಅತಿಗೆ ಎಳೆಯಬೇಡಿರೆಂದೂ ಪ್ರಾರ್ಥಿಸುತ್ತೇನೆ. ಮುಖಪುಟಕ್ಕೆ ಮನೆಯ ಚಿತ್ರವನ್ನೂ, ಹುಡುಕುವುದಕ್ಕೆ ಭೂತಗನ್ನಡಿಯನ್ನೂ ಮೊಬೈಲುಗಳು ಈಗಾಗಲೇ ಎಲ್ಲರಿಗೂ ಕಲಿಸಿಬಿಟ್ಟಿವೆ. ಅವುಗಳನ್ನು ಕಿತ್ತು, ಮನೆಗೆ ಬದಲಾಗಿ ಕಪಾಲೀಶ್ವರನ ಗೋಪುರವನ್ನೋ ಮಲೆನಾಡಿನ ತೊಟ್ಟಿಮನೆಯನ್ನೋ ಬರೆದರೆ ಅಭಿಮಾನಕ್ಕೆ ಸಂತೋಷವಾದೀತು, ಬಳಸುವವನಿಗೆ ಪ್ರಯೋಜನವಾಗದು. ಅಂತೆಯೇ, ಜನ ಬಳಸಿ ರೂಢಿಯಾದ ತಂತ್ರಾಂಶದಲ್ಲಿ ಒಂದೇ ರಾತ್ರಿ ಎಲ್ಲ ಚಿತ್ರಗಳನ್ನೂ ಬದಲಿಸಿ ಮರುದಿನ ಅವರನ್ನು ಕಂಗೆಡಿಸಬೇಡಿರಿ. ಅಪಾಯವಿರುವ ಚಿತ್ರಗಳನ್ನು, ಅಂದರೆ ಅಳಿಸುವ, ಹಣ ಕಳುಹಿಸುವ, ಹಿಂದಿರುಗಿಸಲಾಗದ ಕಾರ್ಯಗಳ ಚಿತ್ರಗಳನ್ನು, ಮೊದಲು ತಿದ್ದಿರಿ. ಉಳಿದುವು ನಿಧಾನವಾಗಿ ಬರಲಿ.

ನಿಮ್ಮ ಮೇಲಿನ ವ್ಯವಸ್ಥಾಪಕರಿಗೂ ಒಂದು ಮಾತು. ಮದರಾಸು ಚೆನ್ನೈಯಾದ 1996ರಲ್ಲಿಯೇ ಅಡ್ವೆಂಟ್‌ನೆಟ್ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆ ಜೋಹೊ ಆಗಿ ಈ ನಗರದಿಂದ ಜಗತ್ತಿಗೆ ತಂತ್ರಾಂಶ ಮಾರುತ್ತಿದೆ. 2000ದಲ್ಲಿ ತರಮಣಿಯಲ್ಲಿ ಟೈಡಲ್ ಪಾರ್ಕ್ ತೆರೆಯಿತು. 2010ರಲ್ಲಿ ಫ್ರೆಶ್‌ವರ್ಕ್ಸ್ ಇಲ್ಲಿ ಹುಟ್ಟಿತು. ಇಷ್ಟೆಲ್ಲ ಸಾಮರ್ಥ್ಯವಿರುವ ಊರಿನಲ್ಲಿ, ಹೊಸ ಯೋಜನೆಯ ವೇಳಾಪಟ್ಟಿಯಲ್ಲಿ ಚಿತ್ರಗಳನ್ನು ಪರಿಶೀಲಿಸಲು ಎರಡು ದಿನಗಳನ್ನು ಬರೆದಿಡುವುದು ದುಬಾರಿಯಾಗದು. ಕೆಳಗಿನವರು ಕೇಳಲು ಸಂಕೋಚಪಡುತ್ತಾರೆ. ಕೇಳುವ ಮುನ್ನವೇ ಕೊಡಿರಿ.

ಕೊನೆಯದಾಗಿ, ನಮ್ಮ ಬಳಗದ ಹಿರಿಯರ ಪರವಾಗಿ ಒಂದು ವಿಜ್ಞಾಪನೆ. ನಿಮ್ಮ ಪರದೆಗಳು ಸಿದ್ಧವಾಗುವ ಮುನ್ನ ಅವುಗಳನ್ನು ಕಾಗದದ ಮೇಲೆ ಅಚ್ಚುಮಾಡಿಕೊಂಡು ನಮ್ಮಂಥವರ ಬಳಿಗೆ ಬನ್ನಿರಿ; ಭಾನುವಾರ ಬೆಳಗ್ಗೆ ವಾಚನಾಲಯಗಳಲ್ಲಿ ನಾವು ಇದ್ದೇ ಇರುತ್ತೇವೆ. ಒಂದೊಂದು ಚಿತ್ರವನ್ನೂ ತೋರಿಸಿ, ಇದನ್ನು ಒತ್ತಿದರೆ ಏನಾಗುವುದೆಂದು ಕೇಳಿರಿ. ನಾವು ಹೇಳುವುದನ್ನು ತಿದ್ದದೆ ಬರೆದುಕೊಳ್ಳಿರಿ. ತಮಿಳು, ತೆಲುಗು ನೆರೆಹೊರೆಯವರನ್ನೂ ಕರೆಸಿಕೊಡುತ್ತೇವೆ. ಕಾಫಿಯ ವೆಚ್ಚ ನಮ್ಮದು.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಕರಡು ಪರಿಶೀಲಕ
ತ್ಯಾಗರಾಯನಗರ, ಚೆನ್ನೈ